ಒಂದೇ ಬಾಗಿಲಿನ ಶಾಲೆ

ಲಂಡನ್ ಬ್ರಿಜ್ ನಿಲ್ದಾಣವನ್ನು ಬಿಟ್ಟು ಆಗ್ನೇಯಕ್ಕೆ ಹೊರಟ ರೈಲು, ಒತ್ತೊತ್ತಾಗಿ ನಿಂತ ಇಟ್ಟಿಗೆಯ ಮನೆಗಳ ಸಾಲುಗಳನ್ನು ದಾಟಿ, ಬ್ಲ್ಯಾಕ್‌ಹೀತ್ ಎಂಬ ನಿಲ್ದಾಣವನ್ನು ಹಾದು, ಅರ್ಧ ಗಂಟೆಯೊಳಗಾಗಿ ಕಿಡ್‌ಬ್ರೂಕ್ ಎಂಬ ಚಿಕ್ಕ ನಿಲ್ದಾಣವನ್ನು ಮುಟ್ಟುತ್ತದೆ. ಪ್ರವಾಸಿಗಳು ಇಲ್ಲಿ ಇಳಿಯುವುದು ಅಪರೂಪ. ಅವರಿಗೆ ಬೇಕಾದುದು ಉತ್ತರಕ್ಕಿರುವ ಗ್ರೀನ್‌ವಿಚ್ಚಿನ ವೀಕ್ಷಣಾಲಯ. ಅಲ್ಲಿ ಶೂನ್ಯ ರೇಖಾಂಶದ ಗೆರೆಯ ಆಚೆಗೊಂದು ಈಚೆಗೊಂದು ಕಾಲಿರಿಸಿ ನಿಲ್ಲುವುದರಲ್ಲೇ ಅವರಿಗೆ ಸಂತೋಷ. ಕಿಡ್‌ಬ್ರೂಕಿನಲ್ಲಿ ಅಂತಹ ಪ್ರೇಕ್ಷಣೀಯ ಸ್ಥಳವೊಂದೂ ಇಲ್ಲ. ಆದರೂ ಇಂಗ್ಲೆಂಡಿನ ಸಾಮಾನ್ಯ ಜನರ ಕಳೆದ ಎಪ್ಪತ್ತು ವರ್ಷಗಳ ಬಾಳನ್ನು ಅರಿಯಬಯಸುವವರು ಇಲ್ಲಿ ಇಳಿಯುವುದೇ ಮೇಲು. ಏಕೆಂದರೆ ಇಲ್ಲೊಂದು ಶಾಲೆಯಿದೆ.

ಕಿಡ್‌ಬ್ರೂಕಿಗೆ ರೈಲು ಬಂದುದು 1895ರಲ್ಲಿ. ಆಗ ಇದು ಹೊಲಗದ್ದೆಗಳ ನಾಡು. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಲಂಡನ್ ನಗರವು ತನ್ನ ಮೇರೆಯನ್ನು ಮೀರಿ ಹರಿದಾಗ ಹೊಲಗಳು ಬೀದಿಗಳಾದುವು. ಎರಡನೆಯ ಮಹಾಯುದ್ಧದಲ್ಲಿ, ಶತ್ರುವಿಮಾನಗಳು ಕೆಳಕ್ಕೆ ಹಾರಿಬರದಂತೆ ತಡೆಯಲು ಆಕಾಶದಲ್ಲಿ ತೇಲಬಿಡುತ್ತಿದ್ದ ಭಾರಿ ಬೆಲೂನುಗಳ ಕೇಂದ್ರವೊಂದು ಇಲ್ಲಿದ್ದಿತು. ಯುದ್ಧ ಮುಗಿದು, ಬಾಂಬುಗಳಿಂದ ಜರ್ಝರಿತವಾದ ನಗರವನ್ನು ಮತ್ತೆ ಕಟ್ಟುವ ಹೊತ್ತಿನಲ್ಲಿ, ಲಂಡನ್ನಿನ ಆಡಳಿತಸಭೆ ಈ ಉಪನಗರದ ಬಯಲನ್ನು ಒಂದು ಹೊಸ ಪ್ರಯೋಗಕ್ಕೆ ಆರಿಸಿಕೊಂಡಿತು.

ಹನ್ನೊಂದರ ಹೊಸ್ತಿಲು

ಆ ಪ್ರಯೋಗದ ಮಹತ್ವವನ್ನು ತಿಳಿಯಬೇಕಾದರೆ 1944ರ ಶಿಕ್ಷಣ ಶಾಸನವನ್ನು ನೆನೆಯಬೇಕು. ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳ ಪ್ರತಿಯೊಂದು ಮಗುವಿಗೂ ಪ್ರೌಢ ಶಿಕ್ಷಣವನ್ನು ಉಚಿತವಾಗಿ ಒದಗಿಸಿದ ಶಾಸನವದು. ಅದು ದೊಡ್ಡ ಕೊಡುಗೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಜಾರಿಗೆ ತಂದ ಬಗೆಯಲ್ಲಿ ಒಂದು ಮುಳ್ಳು ಉಳಿಯಿತು. ಹನ್ನೊಂದನೆಯ ವಯಸ್ಸಿನಲ್ಲಿ ಪ್ರತಿ ಮಗುವೂ ಒಂದು ಪರೀಕ್ಷೆಗೆ ಕುಳಿತುಕೊಳ್ಳಬೇಕು. ಅದರಲ್ಲಿ ಗೆದ್ದವರಿಗೆ ಗ್ರಾಮರ್ ಶಾಲೆ. ಹೆಸರಿನಲ್ಲಿ ವ್ಯಾಕರಣವಿದ್ದರೂ ಇವು ವ್ಯಾಕರಣವನ್ನಷ್ಟೇ ಕಲಿಸುವ ಪಾಠಶಾಲೆಗಳಲ್ಲ. ವಿಶ್ವವಿದ್ಯಾನಿಲಯಕ್ಕೂ ಒಳ್ಳೆಯ ಉದ್ಯೋಗಕ್ಕೂ ಏರುವ ಮೆಟ್ಟಿಲುಗಳು. ಉಳಿದವರಲ್ಲಿ ಕೆಲವರು ಕೈಗಾರಿಕಾ ಶಾಲೆಗೆ. ಬಹುಪಾಲು ಮಕ್ಕಳು ‘ಮಾಡರ್ನ್’ ಎಂಬ ಹೊಸ ಹೆಸರಿನ ಶಾಲೆಗೆ. ಅಲ್ಲಿಂದ ಹದಿನೈದಕ್ಕೆ ಹೊರಬಿದ್ದು ಕಾರ್ಖಾನೆಯನ್ನೋ ಅಂಗಡಿಯನ್ನೋ ಸೇರಬೇಕು.

ಒಂದು ಮುಂಜಾನೆ ಅಂಚೆಯವನು ತರುವ ಲಕೋಟೆಯಲ್ಲಿ ಮಗುವಿನ ಮುಂದಿನ ಬಾಳೆಲ್ಲ ಅಡಗಿರುತ್ತಿತ್ತು. ಗೆಲ್ಲುವವರು ಐವರಲ್ಲಿಯೋ ನಾಲ್ವರಲ್ಲಿಯೋ ಒಬ್ಬರು. ಒಡಹುಟ್ಟಿದ ಇಬ್ಬರಲ್ಲಿ ಒಬ್ಬಳು ಒಂದು ಬಣ್ಣದ ಸಮವಸ್ತ್ರವನ್ನೂ ಇನ್ನೊಬ್ಬಳು ಮತ್ತೊಂದು ಬಣ್ಣದ್ದನ್ನೂ ತೊಟ್ಟು ಬೇರೆ ಬೇರೆ ಬೀದಿಗಳಲ್ಲಿ ನಡೆದುಹೋಗುವುದನ್ನು ತಾಯಂದಿರು ನೋಡಬೇಕಾಗುತ್ತಿತ್ತು. ಬಾಲಕಿಯರ ಪಾಡು ಇನ್ನಷ್ಟು ಕಷ್ಟ. ಆ ವಯಸ್ಸಿನಲ್ಲಿ ಹುಡುಗಿಯರು ಹುಡುಗರಿಗಿಂತ ಹೆಚ್ಚು ಅಂಕ ಗಳಿಸುತ್ತಿದ್ದುದರಿಂದ, ಸ್ಥಾನಗಳನ್ನು ಸರಿದೂಗಿಸುವ ನೆಪದಲ್ಲಿ ಅನೇಕ ಕಡೆ ಹುಡುಗಿಯರಿಗೆ ಹೆಚ್ಚಿನ ಅಂಕದ ಕಟ್ಟನ್ನು ವಿಧಿಸಲಾಗುತ್ತಿದ್ದಿತು.

ಮಹಾಶಾಲೆಯ ಹುಟ್ಟು

ಲಂಡನ್ನಿನ ಆಡಳಿತಸಭೆ 1947ರಲ್ಲಿ ತನ್ನ ಶಾಲಾ ಯೋಜನೆಯನ್ನು ಪ್ರಕಟಿಸಿತು. ಮಕ್ಕಳನ್ನು ಮೂರು ಬಾಗಿಲುಗಳಿಗೆ ಹಂಚುವ ಬದಲು ಒಂದೇ ಬಾಗಿಲನ್ನು ತೆರೆಯುವುದು ಅದರ ಸಾರ. ಸುತ್ತಲಿನ ಎಲ್ಲ ಮಕ್ಕಳೂ ಒಂದೇ ಪ್ರೌಢಶಾಲೆಯನ್ನು ಸೇರಲಿ. ಯಾರ ಶಕ್ತಿ ಎಂತಹುದೆಂಬುದು ಬೆಳೆಯುತ್ತ ಬೆಳೆಯುತ್ತ ಗೊತ್ತಾಗಲಿ ಎಂಬುದು ಯೋಜಕರ ವಿಚಾರ. ಇಂತಹ ಸಮಗ್ರ ಶಾಲೆಗೆಂದೇ ಲಂಡನ್ನಿನಲ್ಲಿ ಮೊದಲು ಕಟ್ಟಿದ ಕಟ್ಟಡ ಕಿಡ್‌ಬ್ರೂಕಿನ ಬಾಲಕಿಯರ ಶಾಲೆ. ಅದು ಬಾಗಿಲು ತೆರೆದುದು 1954ರಲ್ಲಿ.

ಸ್ಲೇಟರ್, ಯೂರೆನ್ ಮತ್ತು ಪೈಕ್ ಎಂಬ ಶಿಲ್ಪಿಗಳ ಸಂಸ್ಥೆ ಇದರ ನಕ್ಷೆಯನ್ನು ರಚಿಸಿತು. ಸುಮಾರು ಎರಡು ಸಾವಿರ ಬಾಲಕಿಯರಿಗೆ ಎಡೆ. ನಡುವೆ ಗುಮ್ಮಟದ ಸಭಾಂಗಣ. ಪ್ರಯೋಗಶಾಲೆಗಳು, ವ್ಯಾಯಾಮಶಾಲೆಗಳು, ಪಾಕಶಾಸ್ತ್ರ ಗೃಹಕೃತ್ಯಗಳನ್ನು ಕಲಿಸುವ ಕೊಠಡಿಗಳು. ಯುದ್ಧಾನಂತರದ ಬಡತನದಲ್ಲಿ, ಆಹಾರದ ಪಡಿತರ ಪದ್ಧತಿ ಕೊನೆಗೊಂಡ ವರ್ಷದಲ್ಲಿಯೇ, ಕೂಲಿಕಾರರ ಹೆಣ್ಣುಮಕ್ಕಳಿಗಾಗಿ ಇಂತಹ ಭವನ ಎದ್ದುದನ್ನು ಕಂಡು ಕೆಲವರು ಹಿಗ್ಗಿದರು. ಕೆಲವರು ಹುಬ್ಬು ಗಂಟಿಕ್ಕಿದರು. ಇದು ವಿದ್ಯೆಯ ಕಾರ್ಖಾನೆ, ಇಷ್ಟು ದೊಡ್ಡ ಗುಂಪಿನಲ್ಲಿ ಒಂದೊಂದು ಮಗುವಿನ ಗುರುತು ಯಾರಿಗೆ ಉಳಿದೀತು ಎಂಬುದು ಅವರ ಆಕ್ಷೇಪ.

ಗಾತ್ರಕ್ಕೆ ಕಾರಣವಿಲ್ಲದಿರಲಿಲ್ಲ. ಹದಿನಾರು ದಾಟಿದ ಮೇಲೂ ಓದು ಮುಂದುವರಿಸುವ ಮಕ್ಕಳು ಆ ಕಾಲದಲ್ಲಿ ಅತಿ ವಿರಳ. ಎಲ್ಲ ಬಗೆಯ ಮಕ್ಕಳೂ ಇರುವ ಶಾಲೆಯಲ್ಲಿ, ಭೌತಶಾಸ್ತ್ರಕ್ಕೊಂದು, ಫ್ರೆಂಚ್ ಭಾಷೆಗೊಂದು ಮೇಲ್ತರಗತಿ ನಡೆಯುವಷ್ಟು ವಿದ್ಯಾರ್ಥಿನಿಯರು ಸಿಗಬೇಕಾದರೆ, ಬುಡದಲ್ಲಿ ಸಾವಿರಾರು ಮಂದಿ ಇರಲೇಬೇಕೆಂದು ಲೆಕ್ಕ ಹಾಕಲಾಗಿತ್ತು.

ಮಂತ್ರಿಣಿಯ ನಿರಾಕರಣೆ

ಈ ಲೆಕ್ಕವೇ ಮೊದಲ ವರ್ಷದಲ್ಲಿ ತಪ್ಪಿತು. ಹತ್ತಿರದ ಎಲ್ಟಮ್ ಹಿಲ್ ಬಾಲಕಿಯರ ಗ್ರಾಮರ್ ಶಾಲೆಯನ್ನು ಮುಚ್ಚಿ, ಅದರ ವಿದ್ಯಾರ್ಥಿನಿಯರನ್ನು ಕಿಡ್‌ಬ್ರೂಕಿಗೆ ಕರೆತರುವುದು ಮೂಲ ಯೋಜನೆಯಾಗಿದ್ದಿತು. ಆ ಶಾಲೆಯ ತಾಯಿತಂದೆಯರು ಒಪ್ಪಲಿಲ್ಲ. ತಮ್ಮ ಮಕ್ಕಳು ಕಷ್ಟಪಟ್ಟು ಗಳಿಸಿದ ಸ್ಥಾನವನ್ನು ಯಾರದೋ ಪ್ರಯೋಗಕ್ಕೆ ಬಲಿಗೊಡುವುದೇಕೆಂದು ಅವರು ಕೇಳಿದರು. ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಬಡವರ ಮನೆಯಿಂದ ಬಂದು ಆ ಮೆಟ್ಟಿಲೇರಿದ ಹುಡುಗಿಯರೂ ಅಲ್ಲಿದ್ದರು. ಸರ್ಕಾರದ ಹಣದಿಂದ ನಡೆಯುವ ಶಾಲೆಯನ್ನು ಮುಚ್ಚಬೇಕಾದರೆ ಶಾಸನದಂತೆ ಶಿಕ್ಷಣಮಂತ್ರಿಯ ಅನುಮತಿ ಅಗತ್ಯ. ಆಗಿನ ಶಿಕ್ಷಣಮಂತ್ರಿ ಫ್ಲಾರೆನ್ಸ್ ಹಾರ್ಸ್‌ಬ್ರೂ, ಕನ್ಸರ್ವೆಟಿವ್ ಪಕ್ಷದ ಸಂಪುಟದಲ್ಲಿ ಸ್ಥಾನ ಪಡೆದ ಪ್ರಥಮ ಮಹಿಳೆ, 1954ರಲ್ಲಿ ಅನುಮತಿಯನ್ನು ನಿರಾಕರಿಸಿದರು.

ಹೀಗಾಗಿ ಎಲ್ಲರಿಗಾಗಿ ಕಟ್ಟಿದ ಶಾಲೆ, ಪರೀಕ್ಷೆಯಲ್ಲಿ ಗೆದ್ದ ಆ ಹುಡುಗಿಯರಿಲ್ಲದೆಯೇ ಆರಂಭವಾಯಿತು. ಪಕ್ಕದಲ್ಲೇ ಕೆನೆ ತೆಗೆಯುವ ಪಾತ್ರೆಯಿರುವಾಗ ಹಾಲು ತಿಳಿಯಾಯಿತೆಂದು ದೂರುವುದು ನ್ಯಾಯವೆ ಎಂಬ ಪ್ರಶ್ನೆ ಅಂದಿನಿಂದ ಇಂತಹ ಶಾಲೆಗಳ ಬೆನ್ನು ಬಿಟ್ಟಿಲ್ಲ.

ಮೇರಿ ಗ್ರೀನ್

ಈ ಕೊರತೆಯ ನಡುವೆ ಶಾಲೆಯ ಚುಕ್ಕಾಣಿ ಹಿಡಿದವರು ಮೇರಿ ಗ್ರೀನ್. ಬ್ರಿಸ್ಟಲ್ ನಗರದ ಬಾಲಕಿಯರ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದ ಆಕೆ, ಹೆಸರುವಾಸಿಯಾದ ಹಳೆಯ ಸಂಸ್ಥೆಯನ್ನು ಬಿಟ್ಟು, ಇನ್ನೂ ಸುಣ್ಣದ ವಾಸನೆಯಾರದ ಕಟ್ಟಡಕ್ಕೆ ಬಂದರು. 1954ರಿಂದ 1973ರವರೆಗೆ, ಹತ್ತೊಂಬತ್ತು ವರ್ಷ, ಅಲ್ಲಿಯೇ ನಿಂತರು. 1968ರಲ್ಲಿ ರಾಣಿ ಅವರಿಗೆ ‘ಡೇಮ್’ ಪದವಿಯನ್ನಿತ್ತು ಗೌರವಿಸಿದಳು.

ಬಾಗಿಲು ಒಂದಾದ ಮಾತ್ರಕ್ಕೆ ಒಳಗಿನ ಗೋಡೆಗಳೆಲ್ಲ ಬೀಳಲಿಲ್ಲ. ಅಂದಿನ ಸಮಗ್ರ ಶಾಲೆಗಳಲ್ಲಿ ಮಕ್ಕಳನ್ನು ಶಕ್ತ್ಯನುಸಾರ ಬೇರೆ ಬೇರೆ ತರಗತಿಗಳಲ್ಲಿ ಕೂರಿಸುವ ಪದ್ಧತಿ ಸಾಮಾನ್ಯವಾಗಿದ್ದಿತು. ಆದರೆ ವ್ಯತ್ಯಾಸವೊಂದುಂಟು. ಹನ್ನೊಂದರಲ್ಲಿ ಹಿಂದೆಬಿದ್ದವಳು ಹದಿಮೂರರಲ್ಲಿ ಚಿಗುರಿದರೆ, ಅವಳು ಊರಾಚೆಯ ಬೇರೆ ಶಾಲೆಯ ಕದ ತಟ್ಟಬೇಕಾಗಿರಲಿಲ್ಲ. ಅದೇ ಮೊಗಸಾಲೆಯ ಮುಂದಿನ ಕೊಠಡಿಗೆ ನಡೆದರೆ ಸಾಕಾಗಿತ್ತು.

ಮುಂದಿನ ಇತಿಹಾಸ ಈ ಶಾಲೆಯ ಹಾದಿಯಲ್ಲಿಯೇ ನಡೆಯಿತು. 1965ರಲ್ಲಿ ಶಿಕ್ಷಣಮಂತ್ರಿ ಆಂಟನಿ ಕ್ರಾಸ್‌ಲಂಡ್ ಹೊರಡಿಸಿದ ಸುತ್ತೋಲೆ, ಎಲ್ಲೆಡೆಯೂ ಸಮಗ್ರ ಶಾಲೆಗಳನ್ನು ಸ್ಥಾಪಿಸುವಂತೆ ಸ್ಥಳೀಯ ಅಧಿಕಾರಿಗಳನ್ನು ಕೋರಿತು. 1970ರಲ್ಲಿ ಆ ಸುತ್ತೋಲೆಯನ್ನು ಹಿಂತೆಗೆದುಕೊಂಡವರು ಮಾರ್ಗರೆಟ್ ಥ್ಯಾಚರ್. ಸೋಜಿಗವೆಂದರೆ, ಅವರ ಮಂತ್ರಿತ್ವದಲ್ಲಿಯೇ ಅತಿ ಹೆಚ್ಚು ಸಮಗ್ರ ಶಾಲೆಗಳು ಒಪ್ಪಿಗೆ ಪಡೆದುವು. ಹಿಂದೊಮ್ಮೆ ಉಳಿಸಿಕೊಂಡಿದ್ದ ಎಲ್ಟಮ್ ಹಿಲ್ ಶಾಲೆಯೂ 1970ರ ದಶಕದಲ್ಲಿ ಪರೀಕ್ಷೆಯನ್ನು ಕೈಬಿಟ್ಟು ಎಲ್ಲರಿಗೂ ತೆರೆಯಿತು.

ಅನ್ನದ ಜಗಳ

ಕಾಲ ಸರಿದಂತೆ ಊರೂ ಬದಲಾಯಿತು. ಬೆಲೂನುಗಳ ಹಳೆಯ ಬಯಲಿನಲ್ಲಿ 1968ರಿಂದ 1972ರೊಳಗೆ ಫೆರಿಯರ್ ಎಂಬ ಸರ್ಕಾರಿ ವಸತಿಬಡಾವಣೆ ಎದ್ದಿತು. ಸುಮಾರು 1,900 ಮನೆಗಳ ಕಾಂಕ್ರೀಟಿನ ಊರು. ಬಾಲಕಿಯರ ಶಾಲೆಗೆ ಬಾಲಕರೂ ಬಂದರು. ಹೀಗೆ ಸದ್ದಿಲ್ಲದೆ ಸಾಗಿದ್ದ ಶಾಲೆ 2005ರಲ್ಲಿ ಒಮ್ಮೆಲೇ ದೇಶದ ಮನೆಮಾತಾಯಿತು. ಕಾರಣ, ಅದರ ಅಡುಗೆಮನೆ.

1944ರ ಶಾಸನವು ಶಾಲೆಯಲ್ಲಿ ಊಟವೊದಗಿಸುವುದನ್ನು ಕರ್ತವ್ಯವೆಂದು ವಿಧಿಸಿತ್ತು. 1980ರ ಶಾಸನ ಆ ಕಟ್ಟನ್ನು ಸಡಿಲಿಸಿತು. ಪೌಷ್ಟಿಕತೆಯ ನಿಯಮಗಳೂ ಕಳಚಿಬಿದ್ದುವು. ಪರಿಣಾಮವಾಗಿ ಮಕ್ಕಳ ತಟ್ಟೆಗೆ ಬಂದುದು ಕರಿದ ಆಲೂಗೆಡ್ಡೆ ಮತ್ತು ಕಾರ್ಖಾನೆಯಲ್ಲಿ ಅರೆದು ಅಚ್ಚೊತ್ತಿದ ಮಾಂಸ. ಹೆಸರಾಂತ ಪಾಕಪ್ರವೀಣ ಜೇಮಿ ಆಲಿವರ್ ದೂರದರ್ಶನ ಮಾಲಿಕೆಗಾಗಿ ಕಿಡ್‌ಬ್ರೂಕಿನ ಅಡುಗೆಮನೆಯನ್ನು ಹೊಕ್ಕಾಗ, ಒಂದು ಮಗುವಿನ ಊಟಕ್ಕೆ ದೊರೆಯುತ್ತಿದ್ದುದು 37 ಪೆನ್ನಿ. ಒಂದು ಪೌಂಡಿನ ಅರ್ಧವೂ ಅಲ್ಲ. ಅಡುಗೆಮನೆಯ ಯಜಮಾನಿ ನೋರಾ ಸ್ಯಾಂಡ್ಸ್ ಅವನ ಹೊಸ ಪಾಕಗಳಿಗೆ ಸುಲಭವಾಗಿ ತಲೆಬಾಗಲಿಲ್ಲ. ನೂರಾರು ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಬಡಿಸುವ ಕಷ್ಟ ಉಪಾಹಾರಮಂದಿರದ ಬಾಣಸಿಗನಿಗೇನು ಗೊತ್ತು? ಮಕ್ಕಳೂ ತರಕಾರಿಯನ್ನು ಕಂಡು ಮುಖ ತಿರುಗಿಸಿದರು. ಜಗಳವಾಡುತ್ತಲೇ ಇಬ್ಬರೂ ದಾರಿ ಕಂಡುಕೊಂಡರು.

ಇದನ್ನು ಕಂಡ ಜನ ಕೆರಳಿದರು. 2005ರ ಮಾರ್ಚ್ 30ರಂದು 2,71,677 ರುಜುಗಳ ಮನವಿಯೊಂದು ಪ್ರಧಾನಮಂತ್ರಿಯ ಮನೆಯನ್ನು ತಲಪಿತು. ಸರ್ಕಾರ 28 ಕೋಟಿ ಪೌಂಡುಗಳನ್ನು ಶಾಲೆಯ ಊಟಕ್ಕೆಂದು ಘೋಷಿಸಿತು. ಕಳಚಿಹೋಗಿದ್ದ ನಿಯಮಗಳು 2006ರಲ್ಲಿ ಮರಳಿದುವು. ತರುವಾಯ ಇಬ್ಬರು ಅರ್ಥಶಾಸ್ತ್ರಜ್ಞರು ಗ್ರೀನ್‌ವಿಚ್ ಪ್ರದೇಶದ ಪ್ರಾಥಮಿಕ ಶಾಲೆಗಳನ್ನು ನೆರೆಯ ಪ್ರದೇಶಗಳೊಡನೆ ಹೋಲಿಸಿ, ಊಟ ಸುಧಾರಿಸಿದ ಮೇಲೆ ಹನ್ನೊಂದರ ಪ್ರಾಯದ ಮಕ್ಕಳು ಇಂಗ್ಲಿಷ್ ಮತ್ತು ವಿಜ್ಞಾನಗಳಲ್ಲಿ ಮುಂದುವರಿದರೆಂದು ತೋರಿಸಿದರು. ಮಗುವಿನ ‘ಶಕ್ತಿ’ಯೆಂದು ಅಳೆದುದರಲ್ಲಿ ಮಧ್ಯಾಹ್ನದ ಊಟದ ಪಾಲೂ ಇದ್ದಿತೆಂದಾಯಿತು!

ಅದೇ ಹಳಿಯ ಮೇಲೆ

ಇಂದು ಕಿಡ್‌ಬ್ರೂಕ್ ಶಾಲೆ ಎಂದು ಕೇಳಿದರೆ ಫಲಕ ಸಿಗದು. 2011ರಲ್ಲಿ ಅದು ತಾನು ನಿಂತ ರಸ್ತೆಯ ಹೆಸರನ್ನೇ ಹೊತ್ತು ಕೊರೆಲಿ ಕಾಲೇಜ್ ಆಯಿತು. 2018ರಲ್ಲಿ ಹ್ಯಾಲಿ ಅಕಾಡೆಮಿ ಎಂಬ ಹೆಸರು ಪಡೆಯಿತು. ಧೂಮಕೇತುವಿಗೆ ಹೆಸರು ಕೊಟ್ಟ ಎಡ್ಮಂಡ್ ಹ್ಯಾಲಿ ಗ್ರೀನ್‌ವಿಚ್ಚಿನ ರಾಜಜ್ಯೋತಿರ್ವಿದನಾಗಿದ್ದವನು; ಅವನ ಸಮಾಧಿ ಸಮೀಪದ ಲೀ ಗ್ರಾಮದ ಹಳೆಯ ಚರ್ಚಿನಂಗಳದಲ್ಲಿದೆ. ಫೆರಿಯರ್ ಬಡಾವಣೆಯೂ ನೆಲಸಮವಾಗಿ, ಅದರ ಜಾಗದಲ್ಲಿ ಎತ್ತರದ ಹೊಸ ಮನೆಗಳು ಎದ್ದಿವೆ. ಹೆಸರು, ಒಡೆತನ, ನೆರೆಹೊರೆಗಳೆಲ್ಲ ಬದಲಾದರೂ, ಬೆಳಗ್ಗೆ ಮಕ್ಕಳು ಚೀಲ ಹೊತ್ತು ಬರುವುದು ತಪ್ಪಿಲ್ಲ. ಯಾರನ್ನೂ ಬಾಗಿಲಲ್ಲಿ ತಡೆದು ಹನ್ನೊಂದರ ಅಂಕವನ್ನು ಕೇಳುವುದಿಲ್ಲ.

ಆದರೆ ಸಂಜೆ ಮರಳುವ ಪಯಣಿಗನು ಲಂಡನ್ನಿನ ಕಡೆಗೆ ಹೋಗದೆ ಅದೇ ರೈಲಿನಲ್ಲಿ ಇನ್ನೂ ಮುಂದಕ್ಕೆ ಸಾಗಿದನೆನ್ನಿ. ಎಲ್ಟಮ್, ಫಾಲ್ಕನ್‌ವುಡ್, ವೆಲಿಂಗ್, ಬಳಿಕ ಬೆಕ್ಸ್‌ಲಿಹೀತ್. ಅಲ್ಲಿ ಇಂದಿಗೂ ಗ್ರಾಮರ್ ಶಾಲೆಯುಂಟು. ಅಲ್ಲಿಯ ಮಕ್ಕಳು ಇಂದಿಗೂ ಆ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ ಅಂತಹ ಶಾಲೆಗಳು ಇನ್ನೂ 163 ಉಳಿದಿವೆ. ನಾಲ್ಕು ನಿಲ್ದಾಣಗಳ ಅಂತರದಲ್ಲಿ, ಒಂದೇ ಹಳಿಯ ಮೇಲೆ, ಎರಡು ನ್ಯಾಯಗಳು ಅಕ್ಕಪಕ್ಕದಲ್ಲಿ ಬಾಳುತ್ತಿವೆ. 1954ರಲ್ಲಿ ಕಿಡ್‌ಬ್ರೂಕಿನ ಬಯಲಿನಲ್ಲಿ ಎದ್ದ ಪ್ರಶ್ನೆಗೆ ಆ ದೇಶ ಇನ್ನೂ ಒಂದೇ ಉತ್ತರವನ್ನು ಕೊಟ್ಟಿಲ್ಲ. ಅಷ್ಟರಲ್ಲಿ ಬೆಳಗಾಗುತ್ತದೆ, ಎರಡು ಬಣ್ಣದ ಸಮವಸ್ತ್ರದ ಮಕ್ಕಳು ಎರಡು ದಿಕ್ಕಿಗೆ ಹೊರಡುತ್ತಾರೆ.