ಕಾಳು ಹಾಕುವ ಬಿಡುವು

ಅರಸೀಕೆರೆ ಹತ್ತಿರದ ನಮ್ಮೂರಿನಲ್ಲಿ, ಅಜ್ಜಿಯ ಮಂಚದ ಪಕ್ಕ ಎರಡು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ನನ್ನ 61 ಕೀಗಳ ಕೀಬೋರ್ಡ್ ಇಟ್ಟುಕೊಂಡು ಎರಡೂವರೆ ನಿಮಿಷದ ಒಂದು ಪಿಯಾನೋ ತುಣುಕು ನುಡಿಸಿದೆ. ನಾನೇ ಕಟ್ಟಿದ್ದು. ರಾಗಿ ಬೀಸುವಾಗ ಅಜ್ಜಿ ಹಾಡುತ್ತಿದ್ದ ತ್ರಿಪದಿಯ ಧಾಟಿಯೇ ಅದರ ಮೂಲ. ಕಾಲೇಜಿನಲ್ಲಿ ನುಡಿಸಿದಾಗ ಒಳ್ಳೆಯ ಚಪ್ಪಾಳೆ ಬಿದ್ದಿತ್ತು. ಅಜ್ಜಿ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು.

"ಚೆನ್ನಾಗೈತೆ ಮಗಾ. ಆದ್ರೆ ಕಾಳು ಹಾಕಕ್ಕೆ ಬಿಡುವೇ ಇಲ್ವಲ್ಲ" ಅಂದಳು.

ರಾಗಿಕಲ್ಲು ನೋಡದವರಿಗೆ ಇದನ್ನು ಬಿಡಿಸಿ ಹೇಳಬೇಕು. ಕೆಳಗೊಂದು ಕಲ್ಲು, ಅದರ ಮೇಲೊಂದು ಕಲ್ಲು. ಮೇಲಿನದಕ್ಕೆ ಹಿಡಿದು ತಿರುಗಿಸಲು ಗೂಟ, ನಡುವೆ ಕಾಳು ಸುರಿಯಲು ಬಾಯಿ. ಅಜ್ಜಿ ಮೂರು ಸಾಲು ಹಾಡಿ ಮುಗಿಸಿದ ಮೇಲೆ ಒಂದು ಹಿಡಿ ರಾಗಿ ಹಾಕುತ್ತಿದ್ದಳಂತೆ, ಆಮೇಲೆ ಮುಂದಿನ ಪದ. ನಾನು ಹುಟ್ಟುವಷ್ಟರಲ್ಲಿ ಊರಿಗೆ ಮಿಲ್ಲು ಬಂದಿತ್ತು. ಕಲ್ಲು ಈಗ ಹಿತ್ತಲಲ್ಲಿ ಬಟ್ಟೆ ಒಗೆಯುವವರು ಸೋಪು ಇಡುವ ಜಾಗ. ಧಾಟಿ ಮಾತ್ರ ಅಜ್ಜಿಯ ಬಾಯಲ್ಲಿದೆ. ಅದೂ ಈಚೆಗೆ ಎರಡನೆಯ ಪದಕ್ಕೆ ಬರುವಷ್ಟರಲ್ಲಿ ಬೇರೆ ಯಾವುದೋ ಹಾಡಿಗೆ ಜಾರಿಬಿಡುತ್ತದೆ. ನನಗಿದ್ದ ಅವಸರ ಅದೇ.

ಬರೆದುಕೊಳ್ಳಲು ಕೂತಾಗ ಮೊದಲು ಕಾಡಿದ್ದು ಒಂದು ಗಾಂಧಾರ. ಅಜ್ಜಿಯದು ಸಾಧಾರಣ ಗಾಂಧಾರವೂ ಅಲ್ಲ, ಅಂತರ ಗಾಂಧಾರವೂ ಅಲ್ಲ, ಎರಡರ ನಡುವೆ ಎಲ್ಲೋ ಅಲುಗಾಡುತ್ತದೆ. ಪಿಯಾನೋದಲ್ಲಿ ಅವೆರಡೂ ಅಕ್ಕಪಕ್ಕದ ಕೀಗಳು, ನಡುವೆ ಜಾಗವೇ ಇಲ್ಲ. ವೀಣೆಯಲ್ಲಾದರೆ ತಂತಿ ಎಳೆಯಬಹುದು. ಪಿಯಾನೋದ ಸ್ವರ ಒಮ್ಮೆ ಹುಟ್ಟಿದರೆ ಮುಗಿಯಿತು, ಬಾಗುವುದಿಲ್ಲ. ಚೆನ್ನೈನ ಪಿಯಾನೋ ವಾದಕ ಅನಿಲ್ ಶ್ರೀನಿವಾಸನ್ ಅವರು ಸಿಕ್ಕಿಲ್ ಗುರುಚರಣ್ ಅವರ ಜೊತೆ ನುಡಿಸುವಾಗ ಗಮಕವೆಲ್ಲ ಗಾಯಕರ ಪಾಲು, ಪಿಯಾನೋ ಅದಕ್ಕೆ ನೆಲ ಹಾಸುತ್ತದೆ. ನನ್ನ ಬಳಿ ಗಾಯಕರಿರಲಿಲ್ಲ.

ದಾರಿ ತೋರಿಸಿದ್ದು ಜಾಜ್. ಆಫ್ರಿಕನ್ ಅಮೆರಿಕನ್ನರ ಬ್ಲೂಸ್ ಹಾಡಿಕೆಯಲ್ಲೂ ಇಂಥದೇ ನಡುವಿನ ಸ್ವರವಿದೆ. ಅದನ್ನು ಪಿಯಾನೋಗೆ ತಂದವರು ಎರಡು ಕೀಗಳನ್ನೂ ಒಂದರ ಮೇಲೊಂದು ಉಜ್ಜಿದಂತೆ ಒತ್ತಿದರು. ಸ್ವರ ಸಿಗದಿದ್ದರೂ ಅದರ ತುರಿಕೆ ಸಿಕ್ಕಿತು. ಗರ್ಶ್ವಿನ್ 1926ರಲ್ಲಿ ನುಡಿಸಿದ ಮೂರು ಪ್ರಿಲ್ಯೂಡ್‌ಗಳು ಮೂರೂ ಸೇರಿ ಆರೇಳು ನಿಮಿಷ. ಎರಡನೆಯದನ್ನು ಆತ ಬ್ಲೂಸಿನ ಲಾಲಿ ಎಂದು ಕರೆದಿದ್ದ. ಹಂಗೇರಿಯಲ್ಲಿ ಬಾರ್ಟೋಕ್ ಹಳ್ಳಿಹಳ್ಳಿ ತಿರುಗಿ, ಮೇಣದ ಕೊಳವೆಗಳ ಮೇಲೆ ರೈತರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡು ಪುಟ್ಟ ಪುಟ್ಟ ಪಿಯಾನೋ ತುಣುಕುಗಳನ್ನು ಬರೆದ. 1926ರಿಂದ 1939ರವರೆಗೆ ಕಟ್ಟಿದ 'ಮೈಕ್ರೋಕಾಸ್ಮಾಸ್'ನಲ್ಲಿ ಅಂಥ 153 ತುಣುಕುಗಳಿವೆ. ಕೊನೆಯ ಆರು ಬಲ್ಗೇರಿಯನ್ ಲಯದ ಕುಣಿತಗಳು. ಒಂದರಲ್ಲಿ ಎರಡು, ಎರಡು, ಮೂರು ಎಂದು ಏಳು ಎಣಿಕೆ. ಮಿಶ್ರಛಾಪು ಕೇಳಿ ಬೆಳೆದವರಿಗೆ ಅದರಲ್ಲಿ ಎಡವಲು ಏನೂ ಇಲ್ಲ.

ಪಿಯಾನೋ ನಮ್ಮದಲ್ಲ ಎನ್ನುವವರಿಗೆ ನಾನು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಅವರ ಹೆಸರು ಹೇಳುತ್ತೇನೆ. ಪಿಯಾನೋ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಶಿಯೇಟ್ ಪಡೆದವರು. ಲಂಡನ್ನಿನಲ್ಲಿ ಮರೆವಿಗೆ ಸರಿಯುತ್ತಿದ್ದ ರಷ್ಯದ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ಅವರೇ. 'ಕಥೆಗಳು' ಎಂದು ಹೆಸರಿಟ್ಟ ಕಿರು ಪಿಯಾನೋ ರಚನೆಗಳಿಗೆ ಮೆಟ್ನರ್ ಪ್ರಸಿದ್ಧ. ಅದೇ ಮಹಾರಾಜರು 94 ಕೃತಿಗಳನ್ನು ರಚಿಸಿದರು, ಅವು ಕರ್ನಾಟಕ ಸಂಗೀತದ ಅಂಗಳದಲ್ಲೇ ಉಳಿದವು. ಎರಡನ್ನೂ ಅಷ್ಟು ಚೆನ್ನಾಗಿ ಬಲ್ಲವರು ಎರಡನ್ನೂ ಬೇರೆಯಾಗಿಯೇ ಇಟ್ಟುಕೊಂಡರಲ್ಲ ಎಂಬುದು ನನಗೆ ಬಹಳ ದಿನ ಅಧೈರ್ಯ ತಂದಿತ್ತು.

ಅಜ್ಜಿಯ ಮಾತು ಕೇಳಿದ ಮಾರನೇ ವಾರ ಗೆಳೆಯರೊಂದಿಗೆ ಬೇಲೂರಿಗೆ ಹೋದೆ. ಅಲ್ಲಿ ಸೂರಿನ ಕೆಳಗೆ, ಬಾಗಿದ ಇಷ್ಟೇ ಜಾಗದಲ್ಲಿ, 38 ಮದನಿಕೆಯರು. ಕನ್ನಡಿ ಹಿಡಿದವಳ ಹತ್ತಿರವೇ ಬಿಲ್ಲು ಹಿಡಿದ ಬೇಟೆಗಾರ್ತಿಗೂ ಅಷ್ಟೇ ದೊಡ್ಡ ಜಾಗ. ಕಾಡಿನವಳೆಂದು ಅವಳ ಒಡವೆಯನ್ನೇನೂ ಕಡಿಮೆ ಮಾಡಿಲ್ಲ. ಅದು ನನಗೆ ತುಸು ಅನುಮಾನವನ್ನೂ ತಂದಿತು: ನಾನೂ ಅಜ್ಜಿಗೆ ಹೀಗೇ ಒಡವೆ ಹೇರಿದೆನೇ? ಒಳಗೆ ನವರಂಗದ ಕಂಬಗಳ ಮೇಲೆ ಕೈಯಾಡಿಸಿದ ಹಾಗೆ ಉಂಗುರದ ಗೆರೆಗಳು. ಬಳಪದ ಕಲ್ಲನ್ನು ತಿರುಗಣೆಗೆ ಕಟ್ಟಿ ತಿರುಗಿಸಿ ಉಳಿ ಹಿಡಿದು ಮಾಡಿದ ಕಂಬಗಳು ಎನ್ನುತ್ತಾರೆ. ತಿರುಗುವ ಕಲ್ಲು! ಗೈಡ್ ದಿನಾಂಕ ಹೇಳುತ್ತಿದ್ದ, 1117. ನಾನು ಗೆರೆಗಳ ನಡುವಿನ ಸಂದು ನೋಡುತ್ತಿದ್ದೆ. ಸಂದಿಲ್ಲದಿದ್ದರೆ ಉಂಗುರವೇ ಕಾಣುವುದಿಲ್ಲ. ಬರುವಾಗ ಹಳೇಬೀಡಿನಲ್ಲೂ ಇಳಿದೆವು, ಆದರೆ ಗೋಡೆ ತುಂಬ ಸಾಲುಸಾಲಾಗಿ ನಡೆಯುವ ಆನೆಗಳನ್ನು ನೋಡುವ ತಾಳ್ಮೆ ಅವತ್ತು ನನಗಿರಲಿಲ್ಲ.

ಮನೆಗೆ ಬಂದು ತುಣುಕನ್ನು ತಿದ್ದಿದೆ. ಚಪ್ಪಾಳೆ ಗಿಟ್ಟಿಸಿದ್ದ ಕಾರ್ಡ್‌ಗಳಲ್ಲಿ ಅರ್ಧದಷ್ಟನ್ನು ಕಿತ್ತೆ, ಗಾಂಧಾರದ ಜಾಗದಲ್ಲಿ ಎರಡು ಕೀ ಉಜ್ಜಿದೆ. ಪ್ರತಿ ಮೂರು ಸಾಲಿಗೊಮ್ಮೆ ಎರಡೂ ಕೈ ಎತ್ತಿ ಪೂರ್ತಿ ಮೌನ. ನನಗದು ಬಹಳ ಗಂಭೀರವಾಗಿ ಕೇಳಿಸಿತು. ಅಜ್ಜಿಗೆ ನುಡಿಸಿ ತೋರಿಸಿದೆ. ಮೊದಲ ಮೌನಕ್ಕೇ ಕಣ್ಣು ಬಿಟ್ಟಳು.

"ಯಾಕ್ ನಿಲ್ಲಿಸ್ದೆ?"

"ಕಾಳು ಹಾಕಕ್ಕೆ ಅಜ್ಜಿ."

ಜೋರಾಗಿ ನಕ್ಕಳು. "ಕಲ್ಲು ನಿಲ್ಲಿಸ್ತಾರೇನ್ ಮಗಾ? ನಿಂತ್ರೆ ಮತ್ತೆ ಎಬ್ಬಿಸಕ್ಕೆ ರಟ್ಟೆ ಬಿದ್ದೋಯ್ತದೆ." ಮಂಚದ ಮೇಲೇ ತೋರಿಸಿದಳು. ಬಲಗೈ ಇಲ್ಲದ ಗೂಟ ಹಿಡಿದು ಸುತ್ತುತ್ತಲೇ ಇತ್ತು, ಬಾಯಿ ನಿಂತಿತು, ಎಡಗೈ ಇಲ್ಲದ ಮೊರದಿಂದ ಒಂದು ಹಿಡಿ ತೆಗೆದು ಇಲ್ಲದ ಬಾಯಿಗೆ ಹಾಕಿತು. ಮತ್ತೆ ಹಾಡು. ಹೀಗೆ ನಾಲ್ಕು ಪದ, ಒಂದಕ್ಷರ ತಪ್ಪಲಿಲ್ಲ. ಕೈ ಸುತ್ತುವಾಗ ಅವಳಿಗೆ ಎಲ್ಲವೂ ನೆನಪಿತ್ತು. ನಾನು ಫೋನು ತೆಗೆಯುವುದನ್ನೂ ಮರೆತೆ.

ಎಂದರೆ ಎರಡು ಕೈಗೂ ಬೇರೆ ಬೇರೆ ಕೆಲಸ. ಪಿಯಾನೋದ ಎಡಗೈ ಕಲ್ಲು ತಿರುಗಿಸುತ್ತಲೇ ಇರಬೇಕು, ರಾಗದ ಬಲಗೈ ಮಾತ್ರ ಸುಮ್ಮನಾಗಬೇಕು. ಬರೆಯಲು ಸುಲಭ, ನುಡಿಸಲು ಅಲ್ಲ. ಬಲಗೈ ನಿಂತ ಕೂಡಲೇ ಎಡಗೈಯೂ ಸೋಂಬೇರಿಯಾಗುತ್ತದೆ. ಈಗ ವಾರಕ್ಕೆರಡು ಸಲ ಅರಸೀಕೆರೆ ಬಸ್ಸಿನಲ್ಲಿ, ತೊಡೆಯ ಮೇಲಿನ ಬ್ಯಾಗಿನ ಮೇಲೆ ಎಡಗೈ ಬೆರಳು ಸುತ್ತಿಸುತ್ತಾ ಕೂರುತ್ತೇನೆ. ಮೊನ್ನೆ ಪಕ್ಕದಲ್ಲಿದ್ದ ಹೆಂಗಸು ತಲೆಸುತ್ತು ಬರ್ತಿದೆಯಾ ಎಂದು ಕೇಳಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು.