ಯಾವ ವಿಮಾನ ಸಂಸ್ಥೆ?

ವೈಮಾನಿಕ ಪರವಾನಗಿ ಕೈಸೇರಿದ ಬಳಿಕ, ಯಾವ ಪ್ರಾದೇಶಿಕ ಸಂಸ್ಥೆಯಲ್ಲಿ ಸೇವೆಗೆ ನಿಲ್ಲಬೇಕೆಂಬ ಪ್ರಶ್ನೆಯು ನಮ್ಮೆದುರು ನಿಂತಿತು. ಅಲಯನ್ಸ್ ಏರ್‌ನಲ್ಲಿ ಪಂಖದ ಏಟಿಆರ್ ವಿಮಾನಗಳು. 2019ರಲ್ಲಿ ಹಾರಾಟವನ್ನಾರಂಭಿಸಿದ ಸ್ಟಾರ್ ಏರ್‌ನಲ್ಲಿ ಎಂಬ್ರೇಯರ್ ಜೆಟ್ಟುಗಳು. ಒಂದರಲ್ಲಿ ಪಡೆದ ಅರ್ಹತೆಯು ಮತ್ತೊಂದಕ್ಕೆ ಸಲ್ಲದು; ಆದುದರಿಂದ ಸಂಸ್ಥೆಯನ್ನು ಆರಿಸುವುದೆಂದರೆ ವಿಮಾನವನ್ನೇ ಆರಿಸಿದಂತೆ.

ಹಿರಿಯರು ಸಂಬಳವನ್ನು ವಿಚಾರಿಸಿದರು. ನಾವು ವಿಚಾರಿಸಿದುದು ಮೂರು: ತರಬೇತಿಯ ವೆಚ್ಚವು ಯಾರದು? ಕರಾರು ಎಷ್ಟು ವರ್ಷಗಳದು? ನೆಲೆಯ ಊರು ಯಾವುದು? ಕ್ಯಾಪ್ಟನ್ ಆಗಲು ಬೇಕಾದ ಪರವಾನಗಿಗೆ 1500 ಗಂಟೆಗಳ ಹಾರಾಟವು ಅವಶ್ಯ. ಸಮೀಪದ ಊರುಗಳ ನಡುವೆ ಗಂಟೆಗಳು ಮೆಲ್ಲನೆ ಕೂಡುತ್ತವೆ. ಆದರೆ ದಿನಕ್ಕೆ ಹಲವು ಬಾರಿ ಏರಿಳಿಯುವ ಅಭ್ಯಾಸವೇ ಗುರುವೆಂದು ಬಗೆದು, ಕಿರಿದಾದ ಓಡುದಾರಿಗಳಲ್ಲಿಯೂ ಇಳಿಯಬಲ್ಲ ಏಟಿಆರನ್ನೇ ಆರಿಸಿದೆವು.

ತಾಯಿತಂದೆಗಳೇ, ಮಗಳು ಕರಾರಿಗೆ ರುಜು ಹಾಕುವ ಮುನ್ನ ಈ ಮೂರನ್ನೂ ಕೇಳಲು ಕಲಿಸಿರಿ. ಪ್ರಭುವು ಆಕೆಯ ದಾರಿಯನ್ನು ಕಾಯಲಿ.