ಆಟಕ್ಕೊಂದು ಅರ್ಜಿ

ಉದ್ಯೋಗಕ್ಕೆ ಅರ್ಜಿ ಬರೆದು ಪುಣೆಗೆ ಬಂದವರು ನಾವು. ಆಟಕ್ಕೂ ಅರ್ಜಿ ಬರೆಯಬೇಕಾದೀತೆಂದು ಎಣಿಸಿರಲಿಲ್ಲ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡಂಜನ್ಸ್ ಆಂಡ್ ಡ್ರ್ಯಾಗನ್ಸ್' ಎಂಬ ಆಟವದು. ಈಗ ಅಂತರಜಾಲದಲ್ಲಿ ಊರೂರಿನವರು ಕೂಡಿ ಆಡುತ್ತಾರೆ. ಒಬ್ಬನು ಕಥೆ ನಡೆಸುವನು, ಉಳಿದವರು ಒಂದೊಂದು ಪಾತ್ರವಾಗಿ ಮಾತನಾಡುವರು, ಎಡರು ಬಂದಾಗ 20 ಮುಖದ ದಾಳವು ತೀರ್ಪು ಕೊಡುವುದು. ತಾಳಮದ್ದಳೆಗೆ ಪಗಡೆ ಬೆರೆತಂತೆ!

ಪಾತ್ರದ ಪೂರ್ವಕಥೆಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದ ನಮ್ಮ ಕೈ ಎರಡನೆಯ ಸಾಲಿಗೇ ನಿಂತಿತು. ಮಕ್ಕಳೇ, ನಿಮ್ಮೆದುರು ಮುಚ್ಚಿಡುವುದೇಕೆ? ನಾಚಿಕೆಯಾಯಿತು. ಕಡೆಗೆ ಊರು ಬಿಟ್ಟ ಅಂಬಿಗನೊಬ್ಬನ ಕಥೆಯನ್ನು ಕನ್ನಡದಲ್ಲಿಯೇ ಬರೆದು, ನಿಘಂಟು ಹಿಡಿದು ಇಂಗ್ಲಿಷಿಗೆ ತಿರುಗಿಸಿ, ಎರಡನ್ನೂ ಕಳುಹಿಸಿದೆವು.

ಉತ್ತರ ಬಂದಿತು: "ಬನ್ನಿ. ಅಂಬಿಗನು ಹೊಳೆಯೊಡನೆ ಕನ್ನಡದಲ್ಲೇ ಮಾತನಾಡಲಿ."

ಭಾನುವಾರ ರಾತ್ರಿ ಮಾತನಾಡಿದೆವು; ದಾಳ ಹಾಕಿದೆವು. ಇಪ್ಪತ್ತಕ್ಕೆ ಎರಡು ಬಿತ್ತು. ದೋಣಿ ಮುಳುಗಿತು.